ಮುಂದಾಳಿಲ್ಲದ ಹಿಂಡು: ಕೊಪ್ಪಳ ಸೀಮೆಯಲ್ಲೊಂದು ಸುತ್ತು

ಹುಬ್ಬಳ್ಳಿಯಿಂದ ಹೊಸಪೇಟೆಯ ಕಡೆ ಹೊರಟ ರೈಲು ಗದಗ ದಾಟಿದ ಸ್ವಲ್ಪ ಹೊತ್ತಿಗೆ ಕಿಟಕಿಯಾಚೆಯ ಬಣ್ಣ ಬದಲಾಗತೊಡಗುತ್ತದೆ. ಕಪ್ಪು ಎರೆಹೊಲಗಳ ನಡುವೆ ಕೆಂಪು ಮಸಾರಿ ನೆಲ ಇಣುಕುತ್ತದೆ. ದೂರದಲ್ಲಿ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗುಡ್ಡಗಳು ಏಳುತ್ತವೆ. ಕೊಪ್ಪಳ ಹತ್ತಿರ ಬಂತು ಎಂದು ತಿಳಿಯಲು ನಿಲ್ದಾಣದ ಫಲಕ ನೋಡಬೇಕಾಗಿಲ್ಲ.

1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿ ಇದ್ದದ್ದು ನಾಲ್ಕೇ ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕನಕಗಿರಿ, ಕಾರಟಗಿ ತಾಲೂಕುಗಳಾದದ್ದು ಆಮೇಲೆ. ಇಲ್ಲಿಗೆ ಬರುವ ಪ್ರವಾಸಿಗರ ಪಟ್ಟಿ ಸಾಮಾನ್ಯವಾಗಿ ಗೊತ್ತಿರುವಂಥದ್ದೇ. ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಯ ಮೇಲಿನ ಅಶೋಕನ ಶಾಸನ, 1112ರ ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ, ಕನಕಗಿರಿ, ಆನೆಗುಂದಿ. ನೋಡಲೇಬೇಕಾದ ಜಾಗಗಳೇ, ಸಂಶಯವಿಲ್ಲ. ಇವೆಲ್ಲ ರಾಜರು ಹೇಳಿದ್ದು, ದಂಡನಾಯಕರು ಕಟ್ಟಿಸಿದ್ದು. ಯಾರ ಅಪ್ಪಣೆ, ಯಾರ ನಕ್ಷೆ ಎಂದು ಶಾಸನವೇ ಸಾರುತ್ತದೆ.

ಆದರೆ ಅದೇ ದಾರಿಯ ಎಡಬಲದಲ್ಲಿ ಯಾರ ಅಪ್ಪಣೆಯೂ ಇಲ್ಲದೆ, ಯಾವ ನಕ್ಷೆಯೂ ಇಲ್ಲದೆ ನಡೆಯುವ ಕೆಲಸಗಳು ಕಾಣಸಿಗುತ್ತವೆ. ಜಾತ್ರೆಯ ಜನ, ಜೋಳದ ಮೇಲೆ ಎರಗುವ ಹಕ್ಕಿ, ರಸ್ತೆ ದಾಟುವ ಕುರಿ, ಬದುವಿನ ಹುತ್ತ, ಕಾವಲಿನ ತೋಳ. ಜಗತ್ತಿನ ದೊಡ್ಡ ಪ್ರಯೋಗಾಲಯಗಳಲ್ಲಿ ಪುಟ್ಟ ಯಂತ್ರಮಾನವರಿಗೆ ಪಾಠ ಹೇಳುತ್ತಿರುವ ವಿಜ್ಞಾನಿಗಳು ಇಂಥ ಜೀವಿಗಳಿಂದಲೇ ಆ ಪಾಠ ಕಲಿತವರು. ಹಾಗಾಗಿ ನಾಲ್ಕೂ ತಾಲೂಕುಗಳನ್ನು ಈ ಕಣ್ಣಿನಿಂದ ಒಮ್ಮೆ ಸುತ್ತಿ ಬರುವುದು ವ್ಯರ್ಥವಾಗದು.

ಜಾತ್ರೆಯ ಎರಡು ಹೊಳೆ

ಮೊದಲು ಕೊಪ್ಪಳ. ಸಾಮಾನ್ಯವಾಗಿ ಜನವರಿಯಲ್ಲಿ ಬರುವ ಗವಿಸಿದ್ಧೇಶ್ವರ ಜಾತ್ರೆಯ ದಿನ ಮಠದ ಮುಂದಿನ ಬಯಲಿನಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ತೇರು ಎಳೆದ ಮೇಲೆ ಒಂದು ಕಡೆ ಮಠಕ್ಕೆ ಹೋಗುವವರು, ಇನ್ನೊಂದು ಕಡೆ ದಾಸೋಹ ಮುಗಿಸಿ ಬರುವವರು. ಒಂದೇ ದಾರಿ, ಎರಡು ದಿಕ್ಕು. ಗುಡ್ಡದ ಮೆಟ್ಟಿಲಿನ ಮೇಲೆ ನಿಂತು ಕೆಳಗೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಯಾರೂ ಗೆರೆ ಎಳೆದಿಲ್ಲ, ಹಗ್ಗ ಕಟ್ಟಿಲ್ಲ. ಆದರೂ ಹೋಗುವವರ ಸಾಲು ಬೇರೆ, ಬರುವವರ ಸಾಲು ಬೇರೆ ಆಗಿಬಿಟ್ಟಿದೆ!

ಎದುರಿನಿಂದ ಬರುವವನಿಗೆ ಡಿಕ್ಕಿ ಹೊಡೆಯಬಾರದೆಂದು ಪ್ರತಿಯೊಬ್ಬನೂ ಸ್ವಲ್ಪ ಸರಿಯುತ್ತಾನೆ. ತನ್ನದೇ ದಿಕ್ಕಿಗೆ ಹೋಗುವವನ ಬೆನ್ನ ಹಿಂದೆ ಸೇರಿಕೊಂಡರೆ ಮತ್ತೆ ಮತ್ತೆ ಸರಿಯುವ ತಾಪತ್ರಯವಿಲ್ಲ. ಅಷ್ಟೇ. ಡರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೋಲ್ನಾರ್ ಎಂಬ ವಿಜ್ಞಾನಿಗಳು 1995ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ಗಣಕಯಂತ್ರದ ಪರದೆಯ ಮೇಲಿನ ಚುಕ್ಕೆಗಳಿಗೆ ‘ಗುರಿಯ ಕಡೆ ಹೋಗು, ಅಕ್ಕಪಕ್ಕದವರಿಂದ ದೂರವಿರು’ ಎಂದಷ್ಟೇ ಹೇಳಿಕೊಟ್ಟರೆ ಸಾಕು, ಚುಕ್ಕೆಗಳು ತಾವಾಗಿಯೇ ಸಾಲುಗಟ್ಟಿದವು. ಇದಕ್ಕೇ ಸ್ವಯಂ ಸಂಘಟನೆ ಎಂದು ಹೆಸರು. ಪ್ರತಿಯೊಬ್ಬನಿಗೂ ತನ್ನ ಸುತ್ತಲ ಎರಡು ಮಾರು ಮಾತ್ರ ಗೊತ್ತು. ಇಡೀ ಬಯಲಿನ ವ್ಯವಸ್ಥೆ ಯಾರ ತಲೆಯಲ್ಲೂ ಇಲ್ಲ.

ಆದರೆ ಈ ವ್ಯವಸ್ಥೆಗೆ ಒಂದು ಮಿತಿಯಿದೆ. ಒಂದು ಚದರ ಮೀಟರಿನಲ್ಲಿ ಆರೇಳು ಜನಕ್ಕಿಂತ ಹೆಚ್ಚು ನಿಂತರೆ ಮನುಷ್ಯ ತನ್ನ ಕಾಲ ಮೇಲೆ ತಾನಿರುವುದಿಲ್ಲ. ಮೈಗೆ ಮೈ ತಾಗಿ ನೂಕು ಅಲೆಯಂತೆ ಹರಿಯುತ್ತದೆ. ಆಗ ಸರಿಯುವ ಸೂತ್ರ ಕೆಲಸಕ್ಕೆ ಬಾರದು, ಕಾಲ್ತುಳಿತವಾಗುತ್ತದೆ. ಜಾತ್ರೆಯ ವ್ಯವಸ್ಥಾಪಕರು ಜನರಿಗೆ ಬುದ್ಧಿ ಹೇಳುವುದಕ್ಕಿಂತ ಅಗಲವಾದ ದಾರಿ ಬಿಡುವುದೇ ಮುಖ್ಯವೆನ್ನುವುದು ಇದಕ್ಕಾಗಿ. ಸೂತ್ರ ಚೆನ್ನಾಗಿದ್ದರೆ ಸಾಲದು, ಅದು ನಡೆಯಲು ಜಾಗವೂ ಬೇಕು. ಈ ಮಾತನ್ನು ನೆನಪಿಟ್ಟುಕೊಂಡು ಯಲಬುರ್ಗಾದ ಬಸ್ಸು ಹತ್ತಬಹುದು.

ಜೋಳದ ಮೇಲಿನ ಮೋಡ

ಯಲಬುರ್ಗಾ, ಕುಕನೂರುಗಳ ಸುತ್ತ ಎರೆಭೂಮಿ ಹೆಚ್ಚು. ಹಿಂಗಾರಿಯ ಬಿಳಿಜೋಳ ತೆನೆ ಬಿಡುವ ಹೊತ್ತಿಗೆ ಸರಿಯಾಗಿ ಗುಲಾಬಿ ಮೈನಾಗಳು ಬಂದಿಳಿಯುತ್ತವೆ. ಪೂರ್ವ ಯುರೋಪು, ಮಧ್ಯ ಏಷ್ಯಾದ ಕಡೆ ಮರಿ ಮಾಡಿ ಚಳಿಗಾಲಕ್ಕೆ ಭಾರತಕ್ಕೆ ಬರುವ ಹಕ್ಕಿಗಳಿವು. ಮೈ ನಸುಗೆಂಪು, ತಲೆ ಮತ್ತು ರೆಕ್ಕೆ ಕಪ್ಪು. ಜೋಳ ತಿನ್ನುವುದರಿಂದ ಕವಣೆ ಬೀಸುವ ರೈತನಿಗೆ ಇವು ವೈರಿ. ಮಿಡತೆಯನ್ನೂ ಹೊಟ್ಟೆ ತುಂಬ ತಿನ್ನುವುದರಿಂದ ಅದೇ ರೈತನಿಗೆ ಉಪಕಾರಿಯೂ ಹೌದು.

ಸಂಜೆ ಇವು ಗೂಡಿಗೆ ಮರಳುವಾಗ ಆಕಾಶದಲ್ಲಿ ಹೊಗೆ ಹೊರಳಿದಂತೆ ಕಾಣುತ್ತದೆ. ಒಮ್ಮೆ ಚೀಲದಂತೆ ಉಬ್ಬಿ, ಒಮ್ಮೆ ಹಗ್ಗದಂತೆ ಎಳೆದು, ಗಿಡುಗ ಬಂದರೆ ತಟ್ಟನೆ ಮುದ್ದೆಯಾಗಿ ಮತ್ತೆ ಹರಡುತ್ತದೆ. ಅಷ್ಟು ವೇಗದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಮುಂದಿನ ಹಕ್ಕಿಯೇ ನಾಯಕ ಎನ್ನೋಣವೆಂದರೆ ತಿರುವಿನಲ್ಲಿ ಹಿಂದಿನದು ಮುಂದಾಗಿರುತ್ತದೆ.

1986ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಗಣಕಯಂತ್ರದಲ್ಲಿ ಹಕ್ಕಿಗಳನ್ನು ಹಾರಿಸಲು ಮೂರೇ ಮೂರು ಸೂತ್ರ ಹಾಕಿದ. ಪಕ್ಕದವರಿಗೆ ತಾಗಬೇಡ, ಪಕ್ಕದವರು ಹೋಗುವ ದಿಕ್ಕಿಗೇ ಹೋಗು, ಪಕ್ಕದವರಿಂದ ತೀರ ದೂರ ಉಳಿಯಬೇಡ. ಪರದೆಯ ಮೇಲೆ ನಿಜವಾದ ಹಕ್ಕಿ ಹಿಂಡೇ ಹಾರಿತು. ಮುಂದೆ 2008ರಲ್ಲಿ ರೋಮ್ ನಗರದ ವಿಜ್ಞಾನಿಗಳು ಅಲ್ಲಿನ ಮೈನಾ ಜಾತಿಯ ಹಕ್ಕಿಗಳ ಹಿಂಡನ್ನು ಹಲವು ಕ್ಯಾಮೆರಾಗಳಿಂದ ಸೆರೆಹಿಡಿದು ಲೆಕ್ಕ ಹಾಕಿದರು. ಪ್ರತಿ ಹಕ್ಕಿ ತನ್ನ ಹತ್ತಿರದ ಆರೇಳು ಹಕ್ಕಿಗಳ ಮೇಲೆ ಮಾತ್ರ ಗಮನವಿಡುತ್ತದೆ, ಅವು ಎಷ್ಟು ದೂರದಲ್ಲಿದ್ದರೂ ಸರಿ ಎಂದು ತಿಳಿಯಿತು. ಆ ತಂಡದಲ್ಲಿದ್ದ ಜಾರ್ಜೊ ಪಾರಿಸಿ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಇದನ್ನು ಯಾವ ಶಾಲೆಯ ಬಯಲಿನಲ್ಲಾದರೂ ಆಡಿ ನೋಡಬಹುದು. ಮೂವತ್ತು ಮಕ್ಕಳನ್ನು ನಿಲ್ಲಿಸಿ, ಪ್ರತಿಯೊಬ್ಬರೂ ಮನಸ್ಸಿನಲ್ಲೇ ಇಬ್ಬರನ್ನು ಆರಿಸಿಕೊಳ್ಳಲಿ. ಯಾರೆಂದು ಬಾಯಿ ಬಿಡಬಾರದು. ಆ ಇಬ್ಬರಿಂದಲೂ ಸಮಾನ ದೂರದಲ್ಲಿ ನಿಲ್ಲಬೇಕು ಎಂಬುದೊಂದೇ ನಿಯಮ. ‘ಶುರು’ ಎಂದ ಕೂಡಲೇ ಇಡೀ ಗುಂಪು ಜೀವ ಬಂದಂತೆ ಹೊರಳಾಡುತ್ತದೆ. ಒಬ್ಬನನ್ನು ಒಂದು ಹೆಜ್ಜೆ ಸರಿಸಿದರೆ ಮೂವತ್ತು ಮಂದಿಗೂ ಸುದ್ದಿ ಮುಟ್ಟುತ್ತದೆ. ಖರ್ಚಿಲ್ಲದ ಪ್ರಯೋಗ!

‘ಕುರಿಮಂದೆ’ ಎಂಬ ಬೈಗುಳ

ಯಲಬುರ್ಗಾದಿಂದ ಕುಷ್ಟಗಿಯ ಕಡೆ ಹೋಗುವಾಗ ಒಂದಲ್ಲ ಒಂದು ಕಡೆ ಬಸ್ಸು ನಿಲ್ಲಲೇಬೇಕು. ರಸ್ತೆ ತುಂಬ ಕುರಿ. ಕಪ್ಪು ಡೆಕ್ಕನಿ ಕುರಿಗಳು, ಅವುಗಳ ನಡುವೆ ಈ ಸೀಮೆಯ ಹೆಮ್ಮೆಯ ಕೆಂಗುರಿಗಳು. ಹಿಂಡು ಬಸ್ಸಿನ ಮೂತಿಗೆ ಬಂದು ಎರಡಾಗಿ ಸೀಳುತ್ತದೆ, ಹಿಂದೆ ಹೋಗಿ ಮತ್ತೆ ಒಂದಾಗುತ್ತದೆ. ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾಹಿ ‘ಟ್ರ್ರ್‌... ಹೋ’ ಎಂದು ಎರಡು ಬಾರಿ ನಾಲಿಗೆ ಆಡಿಸುತ್ತಾನೆ, ಅಷ್ಟೇ.

ಕನ್ನಡದಲ್ಲಿ ಕುರಿಮಂದೆ ಎಂಬುದು ಬೈಗುಳ. ವಿಚಾರ ಮಾಡದೆ ಹಿಂದೆ ಹೋಗುವವರು ಎಂದು ಅರ್ಥ. ವಿಜ್ಞಾನ ಈ ಬೈಗುಳವನ್ನು ಪೂರ್ತಿ ಒಪ್ಪುವುದಿಲ್ಲ. 1971ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ, ಹಿಂಡು ಒತ್ತಾಗಿ ಸೇರುವುದು ಪರೋಪಕಾರದಿಂದಲ್ಲ, ಪ್ರತಿ ಪ್ರಾಣಿಯೂ ತನ್ನ ಮತ್ತು ತೋಳದ ನಡುವೆ ಇನ್ನೊಂದು ಪ್ರಾಣಿ ಇರಲಿ ಎಂದು ಬಯಸುವುದರಿಂದ ಎಂದು ವಾದಿಸಿದ. 2012ರಲ್ಲಿ ಆಂಡ್ರ್ಯೂ ಕಿಂಗ್ ಮತ್ತು ಸಂಗಡಿಗರು ಕುರಿಗಳ ಬೆನ್ನಿಗೆ ಉಪಗ್ರಹ ಸಂಕೇತ ಹಿಡಿಯುವ ಪಟ್ಟಿ ಕಟ್ಟಿ, ನಾಯಿಯನ್ನು ಬಿಟ್ಟು ಅಳೆದರು. ನಾಯಿ ಬಂದಾಗ ಪ್ರತಿ ಕುರಿಯೂ ಹಿಂಡಿನ ಮಧ್ಯಕ್ಕೇ ನುಗ್ಗುತ್ತದೆ ಎಂಬುದು ರುಜುವಾತಾಯಿತು.

ಕರ್ನಾಟಕಕ್ಕೂ ಈ ವಿದ್ಯೆಯಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್, ವಿವೇಕ್ ಜಾಧವ್ ಮತ್ತು ಫ್ರಾನ್ಸಿನ ತೂಲೂಸ್ ನಗರದ ವಿಜ್ಞಾನಿಗಳು ಸೇರಿ 14 ಕುರಿಗಳ ಹಿಂಡನ್ನೂ ಅದನ್ನು ಅಟ್ಟುವ ನಾಯಿಯನ್ನೂ ಕ್ಷಣಕ್ಷಣ ಗುರುತಿಸಿ 2024ರಲ್ಲಿ ವರದಿ ಪ್ರಕಟಿಸಿದರು. ನಾಯಿ ಹಿಂದಿನಿಂದ ಅಟ್ಟುತ್ತದೆ, ಹಾಗಾಗಿ ತಿರುವಿನ ಸುದ್ದಿ ಹಿಂದಿನಿಂದ ಮುಂದಕ್ಕೆ ಹರಿಯಬೇಕು ಎಂದು ಯಾರಾದರೂ ಭಾವಿಸುತ್ತಾರೆ. ಆದದ್ದು ಉಲ್ಟಾ. ಮುಂದಿನ ಕುರಿಗಳು ಹೊರಳಿದಂತೆ ಹಿಂದಿನವು ಹೊರಳಿದವು. ನಾಯಿಯೂ ಹಿಂಡಿನ ಚಲನೆ ನೋಡಿಕೊಂಡು ತನ್ನ ದಾರಿ ತಿದ್ದಿಕೊಂಡಿತು. ಅಟ್ಟುವವನೂ ಒಂದು ರೀತಿಯಲ್ಲಿ ಹಿಂಬಾಲಕನೇ!

ಫ್ರಾನ್ಸಿನಲ್ಲಿ 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ನಾಲ್ಕಾರು ಕುರಿ ನಿರುಮ್ಮಳವಾಗಿ ಮೇಯುವಾಗ ಮುಂದಾಳುತನ ಸರದಿಯ ಮೇಲೆ ಬದಲಾಗುತ್ತದೆ ಎಂದು ತೋರಿಸಿತು. ಈಗ ಮುಂದಿದ್ದದ್ದು ಇನ್ನೊಂದು ಗಳಿಗೆಗೆ ಹಿಂದೆ. ಯಾರೊಬ್ಬರೂ ಕಾಯಂ ಗೌಡರಲ್ಲ. ಈ ಸೀಮೆಯ ಕುರಿಗಾಹಿಗಳು ಇದನ್ನು ಪುಸ್ತಕದಿಂದ ಕಲಿತವರಲ್ಲ. ಹಿಂಡಿನಲ್ಲಿ ನಾಲ್ಕು ಮೇಕೆ ಸೇರಿಸಿದರೆ ಅವು ಧೈರ್ಯವಾಗಿ ಮುಂದೆ ಹೆಜ್ಜೆಯಿಡುತ್ತವೆ, ಕುರಿಗಳು ಅನುಸರಿಸುತ್ತವೆ ಎಂಬ ಲೆಕ್ಕ ಅವರದು. ಎಲ್ಲ ಕುರಿಯನ್ನೂ ಅಟ್ಟುವ ಗೋಜಿಗೆ ಅವರು ಹೋಗುವುದಿಲ್ಲ.

ಹಾಗಂತ ಹಿಂಡು ಎಂದೂ ತಪ್ಪುವುದಿಲ್ಲವೆಂದಲ್ಲ. 2005ರಲ್ಲಿ ತುರ್ಕಿ ದೇಶದ ಗೆವಾಶ್ ಎಂಬಲ್ಲಿ ಒಂದು ಕುರಿ ಕಮರಿಗೆ ಹಾರಿತು. ಅದರ ಹಿಂದೆ ಸುಮಾರು 1500 ಕುರಿಗಳು ಹಾರಿ 400ಕ್ಕೂ ಹೆಚ್ಚು ಸತ್ತವು. ಆ ಹೊತ್ತು ಕುರಿಗಾಹಿಗಳು ಹತ್ತಿರವಿರಲಿಲ್ಲ. ನೆರೆಯವರನ್ನು ಅನುಸರಿಸುವ ಸೂತ್ರಕ್ಕೆ ಕಮರಿ ಕಾಣುವುದಿಲ್ಲ. ಅದನ್ನು ಕಾಣುವ ಕಣ್ಣಿಗಾಗಿಯೇ ಕುರಿಗಾಹಿ ಬೇಕು.

ಕುರುಡರು ಕಟ್ಟಿದ ಮನೆ

ಕುಷ್ಟಗಿಗೆ 2025ರಲ್ಲಿ ರೈಲು ಬಂತು. ಅದಕ್ಕೂ ಮೊದಲಿಂದ ಹೊಸಪೇಟೆ–ವಿಜಯಪುರ ಹೆದ್ದಾರಿಯ ಊರು ಇದು. ಮಸಾರಿ ಹೊಲಗಳ ಬದುವಿನಲ್ಲಿ, ಜಾಲಿಮರದ ಬುಡದಲ್ಲಿ ಆಳೆತ್ತರದ ಹುತ್ತಗಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ಹಾಲೆರೆದು ಹೋದ ಗುರುತು ಕೆಲವಕ್ಕೆ. ಪೂಜೆ ಹಾವಿಗೆ, ಕಟ್ಟಿದ್ದು ಗೆದ್ದಲು.

ಕಟ್ಟುವ ಕೂಲಿ ಗೆದ್ದಲಿಗೆ ಕಣ್ಣಿಲ್ಲ. ಗೋಧಿಕಾಳಿಗಿಂತ ಚಿಕ್ಕದಾದ ಮೈ. ರಾಣಿ ಎಂದು ಹೆಸರಿದ್ದರೂ ಅದು ಮೊಟ್ಟೆಯಿಡುವ ಯಂತ್ರವೇ ಹೊರತು ಮೇಸ್ತ್ರಿಯಲ್ಲ. ಹಾಗಾದರೆ ಗಾಳಿಯಾಡುವ ಕೊಳವೆ, ಶಿಲೀಂಧ್ರ ಬೆಳೆಯುವ ಕೋಣೆ ಎಲ್ಲಿ ಬರಬೇಕೆಂದು ಯಾರು ಹೇಳುತ್ತಾರೆ? 1959ರಲ್ಲಿ ಫ್ರಾನ್ಸಿನ ಪಿಯೆರ್ ಪಾಲ್ ಗ್ರಾಸೆ ಕೊಟ್ಟ ಉತ್ತರ ಸೊಗಸಾದದ್ದು. ಆದ ಕೆಲಸವೇ ಮುಂದಿನ ಕೆಲಸಕ್ಕೆ ಅಪ್ಪಣೆ! ಒಂದು ಗೆದ್ದಲು ಜೊಲ್ಲು ಬೆರೆಸಿದ ಮಣ್ಣಿನುಂಡೆ ಇಟ್ಟರೆ, ಅದರ ಮೇಲೆಯೇ ಇನ್ನೊಂದು ಉಂಡೆ ಇಡಲು ಮತ್ತೊಂದಕ್ಕೆ ಪ್ರೇರಣೆ. ಉಂಡೆ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಗ್ರಾಸೆ ಇದಕ್ಕೆ ‘ಸ್ಟಿಗ್ಮರ್ಜಿ’ ಎಂದು ಹೆಸರಿಟ್ಟ.

ದಕ್ಷಿಣ ಭಾರತದ ಹುತ್ತಗಳ ಮಣ್ಣನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಕಿತಾ ಜಕರಿಯಾ, ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರ್ ತೇಜಸ್ ಮೂರ್ತಿ ಮೊದಲಾದವರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಕುಂಬಾರ ಮಣ್ಣು ಹದ ಮಾಡುವಂತೆ ಗೆದ್ದಲು ನೀರಿನ ಅಂಶವನ್ನು ಹದವಾಗಿ ಹಿಡಿಯುತ್ತದೆ. ಅದರ ಉಂಡೆಯಿಂದ ಗಟ್ಟಿಯಾದ ಮಣ್ಣು ಸುತ್ತಲ ಮಣ್ಣಿಗಿಂತ ಹಲವು ಪಟ್ಟು ಬಲವಾಗುತ್ತದೆ. ಮುಂಗಾರಿನ ಹೊಡೆತಕ್ಕೆ ಬದು ಕೊಚ್ಚಿಹೋದರೂ ಹುತ್ತ ನಿಂತಿರುವುದರ ಗುಟ್ಟು ಇದು. ಹೊಲ ಸಮ ಮಾಡಲು ಬರುವ ಜೆಸಿಬಿಯ ಎದುರು ಮಾತ್ರ ಈ ಗುಟ್ಟು ನಡೆಯುವುದಿಲ್ಲ.

ಸಾವಿರದ ಇಪ್ಪತ್ನಾಲ್ಕು ಯಂತ್ರಗಳು

2014ನೇ ಇಸವಿ ಈ ವಿದ್ಯೆಯಲ್ಲಿ ನೆನಪಿಡಬೇಕಾದ ವರ್ಷ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಾಧಿಕಾ ನಾಗ್ಪಾಲ್ ಅವರ ತಂಡ ಆ ವರ್ಷ ಎರಡು ಕೆಲಸ ಮಾಡಿ ತೋರಿಸಿತು. ರಾಧಿಕಾ ಬೆಳೆದದ್ದು ಪಂಜಾಬಿನ ಅಮೃತಸರದಲ್ಲಿ.

ಮೊದಲನೆಯದು ಗೆದ್ದಲಿನಿಂದ ಕಲಿತದ್ದು. ಚಿಕ್ಕ ಚಕ್ರದ ಯಂತ್ರಗಳು ಇಟ್ಟಿಗೆ ಹೊತ್ತು, ಹತ್ತಿ, ಇಳಿದು ಗೋಡೆ ಕಟ್ಟಿದವು. ಒಂದು ಇನ್ನೊಂದರ ಜೊತೆ ಮಾತಾಡುವುದಿಲ್ಲ. ಎದುರಿಗಿರುವ ಇಟ್ಟಿಗೆಯ ಸ್ಥಿತಿ ನೋಡಿ ಮುಂದಿನ ಇಟ್ಟಿಗೆ ಇಡುತ್ತದೆ.

ಎರಡನೆಯದು ಇನ್ನೂ ವಿಸ್ಮಯ. ‘ಕಿಲೋಬಾಟ್’ ಎಂಬ 1024 ಯಂತ್ರಗಳ ಹಿಂಡು. ಒಂದೊಂದೂ ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲ, ಮೂರು ಕಡ್ಡಿ ಕಾಲು, ಚಕ್ರವಿಲ್ಲ. ಮೊಬೈಲ್ ಫೋನು ನಡುಗುವಂತೆ ನಡುಗಿ ನಡುಗಿ ಜರುಗುತ್ತದೆ. ಕಣ್ಣಿಲ್ಲ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಲ್ಲಿ ಗೇಣಿಗಿಂತ ಹತ್ತಿರವಿರುವ ನೆರೆಯವರೊಡನೆ ಮಾತ್ರ ಸಂಕೇತ. ನಾಲ್ಕು ಯಂತ್ರಗಳನ್ನು ಗುರುತಿಗೆ ನಿಲ್ಲಿಸಿ, ನಕ್ಷತ್ರದ ಆಕಾರ ಬೇಕೆಂದು ಎಲ್ಲಕ್ಕೂ ಒಂದೇ ಆದೇಶ ಕೊಟ್ಟು ಕೈಬಿಟ್ಟರು. ಅಂಚಿನಲ್ಲಿದ್ದವು ಗುಂಪಿನ ಅಂಚು ಹಿಡಿದು ಸುತ್ತುತ್ತ ಬಂದವು. ಗುರುತಿನಿಂದ ತಾನು ಎಷ್ಟನೆಯವನೆಂದು ನೆರೆಯವರನ್ನು ಕೇಳಿ ಲೆಕ್ಕ ಹಾಕಿದವು. ಆಕಾರದೊಳಗೆ ಜಾಗ ಸಿಕ್ಕಿದ ಕೂಡಲೇ ನಿಂತವು. ಸುಮಾರು ಹನ್ನೆರಡು ತಾಸಿಗೆ ನಕ್ಷತ್ರ ಮೂಡಿತು. ನಡುವೆ ಕೆಲವು ಕೆಟ್ಟವು, ಕೆಲವು ದಾರಿ ತಪ್ಪಿದವು. ಅಲ್ಲಲ್ಲಿ ಸಂಚಾರ ಕಟ್ಟಿತು. ಆದರೂ ಕೆಲಸ ನಿಲ್ಲಲಿಲ್ಲ.

ಇದರ ಲಾಭವೇ ಅದು. ಬುದ್ಧಿವಂತ ಯಂತ್ರವೊಂದು ಕೆಟ್ಟರೆ ಎಲ್ಲ ಕೆಟ್ಟಿತು. ದಡ್ಡ ಯಂತ್ರಗಳ ಹಿಂಡಿನಲ್ಲಿ ಹತ್ತು ಕೆಟ್ಟರೂ ಹಿಂಡು ಕೆಡದು. ಕುಸಿದ ಕಟ್ಟಡದಲ್ಲಿ ಹುಡುಕಲು, ಸಮುದ್ರದಲ್ಲಿ ಚೆಲ್ಲಿದ ಎಣ್ಣೆ ಬಳಿಯಲು ಇಂಥ ಹಿಂಡು ಕಟ್ಟುವ ಆಸೆ ಎಂಜಿನಿಯರುಗಳದು. ಕುರಿ ಕಾಯುವ ಲೆಕ್ಕವನ್ನೂ ಅವರು ಬಿಟ್ಟಿಲ್ಲ. 2014ರಲ್ಲೇ ಡೇನಿಯಲ್ ಸ್ಟ್ರೋಂಬೋಮ್ ಮತ್ತು ಸಂಗಡಿಗರು ನಾಯಿಯ ಜಾಣತನವನ್ನು ಎರಡು ಸೂತ್ರಕ್ಕೆ ಇಳಿಸಿದರು: ಹಿಂಡು ಚದುರಿದ್ದರೆ ದೂರದ ಕುರಿಯನ್ನು ಒಳಗೆ ತಾ, ಒಟ್ಟಾಗಿದ್ದರೆ ಹಿಂದೆ ನಿಂತು ಮುಂದೆ ನಡೆಸು. ಯಂತ್ರಕ್ಕೆ ಕಲಿಸಲು ಅಷ್ಟು ಸಾಕು.

ಗಂಗಾವತಿಯ ತೋಳ

ಕೊನೆಯದು ಗಂಗಾವತಿ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಈ ತಾಲೂಕಿನ ಮುಖವೇ ಬದಲಾಯಿತು. ಕಣ್ಣು ಹಾಯುವಷ್ಟು ದೂರ ಭತ್ತ, ಅಕ್ಕಿ ಗಿರಣಿ, ಕ್ಯಾಂಪುಗಳು. ಆದರೆ ಕನಕಗಿರಿಯ ಕಡೆಗೆ ಹೊರಳಿದರೆ ಹಸಿರು ತಟ್ಟನೆ ನಿಂತು ಕುರುಚಲು ಬಯಲು ಶುರು. ಅಲ್ಲಿದೆ ಬಂಕಾಪುರ. ಹಾವೇರಿ ಜಿಲ್ಲೆಯ ನವಿಲಿನ ಬಂಕಾಪುರವಲ್ಲ, ಇದು ತೋಳದ ಬಂಕಾಪುರ. ಇಲ್ಲಿನ 332 ಹೆಕ್ಟೇರಿನಷ್ಟು ಜಾಗ ಈಗ ತೋಳಗಳ ವನ್ಯಧಾಮ. 2025ರಲ್ಲಿ ಇಲ್ಲೊಂದು ತೋಳ ಎಂಟು ಮರಿ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು.

ತೋಳದ ಬೇಟೆ ಎಂದರೆ ನಾಯಕ ಹೇಳಿದಂತೆ ನಡೆಯುವ ದಂಡು ಎಂದೇ ಬಹಳ ಕಾಲ ನಂಬಿಕೆ. 2011ರಲ್ಲಿ ಸ್ಪೇನಿನ ಕ್ರಿಸ್ಟಿನಾ ಮೂರೊ ಮತ್ತು ಸಂಗಡಿಗರು ಗಣಕಯಂತ್ರದ ತೋಳಗಳಿಗೆ ಎರಡೇ ಸೂತ್ರ ಕೊಟ್ಟರು. ಬೇಟೆಯ ಕಡೆ ಹೋಗು, ಅದರ ಕೊಂಬು ಗೊರಸು ತಾಗದ ದೂರದಲ್ಲಿ ನಿಲ್ಲು. ಅಲ್ಲಿ ನಿಂತ ಮೇಲೆ ಉಳಿದ ತೋಳಗಳಿಂದ ದೂರ ಸರಿ. ಬೇಟೆಯ ಸುತ್ತ ಅಚ್ಚುಕಟ್ಟಾದ ಮುತ್ತಿಗೆ ತಾನಾಗಿಯೇ ಬಿತ್ತು! ನಿಜವಾದ ತೋಳಕ್ಕೆ ಇದಕ್ಕಿಂತ ಹೆಚ್ಚಿನ ತಿಳಿವಳಿಕೆ ಖಂಡಿತ ಇದ್ದೀತು. ಆದರೆ ಮುತ್ತಿಗೆ ಹಾಕಲು ಸೇನಾಪತಿ ಬೇಕೇಬೇಕು ಎಂಬ ಮಾತು ಸುಳ್ಳಾಯಿತು.

ಹೀಗೆ ಈ ಬಯಲಿನಲ್ಲಿ ಎರಡು ಸೂತ್ರಗಳು ಎದುರುಬದುರು ನಿಂತಿವೆ. ಸುತ್ತುವರಿಯುವ ತೋಳದ್ದು, ಒತ್ತಾಗುವ ಕುರಿಯದ್ದು. ನಡುವೆ ಕುರಿಗಾಹಿ ಮತ್ತು ಅವನ ಕಾವಲು ನಾಯಿ. ತೋಳಕ್ಕೂ ಒಂದು ಪಾಲುಂಟು ಎನ್ನುವ ಹಿರಿಯ ಕುರಿಗಾಹಿಗಳು ಇನ್ನೂ ಇದ್ದಾರೆ. ಆದರೆ ಒಂದು ರಾತ್ರಿಯಲ್ಲಿ ನಾಲ್ಕು ಮರಿ ಕಳೆದುಕೊಂಡವನಿಗೆ ಅದು ವರ್ಷದ ಗಳಿಕೆ. ಪರಿಹಾರದ ಹಣ ಬೇಗ ಕೈಸೇರದಿದ್ದರೆ ಅವನ ತಾಳ್ಮೆಯನ್ನು ಎಷ್ಟು ದಿನ ನೆಚ್ಚುವುದು? ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರ ಎಂಬ ಅಂದಾಜಿದೆ. ಅದರಲ್ಲಿ ಬಹುಪಾಲು ಅಭಯಾರಣ್ಯಗಳ ಹೊರಗೆ, ಕುರಿಗಾಹಿಗಳ ನಡುವೆಯೇ ಬದುಕುತ್ತಿವೆ. ಕಾನೂನಿನ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ತೋಳದ ಹೆಸರೂ ಇದೆ. ಅದನ್ನು ಉಳಿಸಿಕೊಂಡು ಬಂದ ಖರ್ಚು ಮಾತ್ರ ಕಂಬಳಿ ಹೊದ್ದವನ ಲೆಕ್ಕಕ್ಕೆ ಬಿದ್ದಿದೆ.

ಇಬ್ಬರಿಗೂ ದೊಡ್ಡ ವೈರಿ ಬೇರೆಯೇ ಇದೆ. ಕಾವಲು ಎಂದು ಕರೆಸಿಕೊಂಡ ಹುಲ್ಲುಗಾವಲು ದಾಖಲೆಯಲ್ಲಿ ‘ಪಾಳುಭೂಮಿ’. ಪಾಳು ಎಂದ ಮೇಲೆ ಏನು ಬೇಕಾದರೂ ಕಟ್ಟಬಹುದಲ್ಲ! ಒಂದು ಕಡೆ ಕಲ್ಲುಗಣಿ, ಒಂದು ಕಡೆ ಕಾರ್ಖಾನೆ, ಒಂದು ಕಡೆ ಸೌರ ಫಲಕಗಳ ಬೇಲಿ, ಒಂದು ಕಡೆ ಹೊಸ ತೋಟ. ಇವುಗಳಲ್ಲಿ ಯಾವುದೂ ತಾನೊಂದೇ ಕೆಟ್ಟದ್ದಲ್ಲ. ಊರಿಗೆ ಉದ್ಯೋಗ, ವಿದ್ಯುತ್ತು ಬೇಕು. ಆದರೆ ಎಲ್ಲ ಸೇರಿದಾಗ ಕುರಿಗಾಹಿ ಹಿಂಡನ್ನು ಡಾಂಬರು ರಸ್ತೆಯ ಮೇಲೆಯೇ ನಡೆಸಬೇಕಾಗುತ್ತದೆ. ಹರಡಿ ಮೇಯುವ, ಬೆದರಿದಾಗ ಒತ್ತಾಗುವ, ಸರದಿಯ ಮೇಲೆ ಮುಂದಾಳಾಗುವ ಹಿಂಡಿಗೆ ಲಾರಿಗಳ ನಡುವೆ ಒಂದು ಮಾರು ಅಗಲದ ಜಾಗ. ಜಾತ್ರೆಯ ಜನಕ್ಕೆ ಹೇಗೋ ಇದಕ್ಕೂ ಹಾಗೆ. ಇಕ್ಕಟ್ಟಾದರೆ ಸೂತ್ರ ಮುರಿಯುತ್ತದೆ.

ಪ್ರಯೋಗಾಲಯದ 1024 ಯಂತ್ರಗಳಿಗೆ ನಯವಾದ ಮೇಜು ಹಾಸಿಕೊಟ್ಟಿದ್ದರು. ಯಾವ ಸಾಲಿನ ನಂತರ ಯಾವ ಸಾಲು ಎಂದು ಲೆಕ್ಕ ಹಾಕುವಷ್ಟೇ ಎಚ್ಚರದಿಂದ ಆ ಮೇಜಿನ ಅಳತೆಯನ್ನೂ ಗೊತ್ತುಮಾಡಿದ್ದರು. ಕೊಪ್ಪಳ ಸೀಮೆಯ ಹಿಂಡುಗಳಿಗೆ ಅಂಥ ಮೇಜು ಈ ಕಾವಲುಗಳೇ. ಅಳತೆ ಪಟ್ಟಿ ಹಿಡಿದು ಬರುವವರು ಯಾವುದನ್ನು ಪಾಳು ಎಂದು ಬರೆಯುತ್ತಾರೆ, ಯಾವುದನ್ನು ಕಾವಲು ಎಂದು ಬರೆಯುತ್ತಾರೆ ಎಂಬುದರ ಮೇಲೆ ಈ ಪಾಠಶಾಲೆ ಇನ್ನೆಷ್ಟು ದಿನ ನಡೆದೀತು ಎಂಬುದು ನಿಂತಿದೆ.